ಕುಳಿತವರಿಗೆ ಬಿಸಿ ಕೊಡಿ, ಬಲಿಪೀಠಕ್ಕೆ ಬೇಡ

ದಕ್ಷಿಣ ಟೈರೋಲ್ ಪ್ರಾಂತ ಸರ್ಕಾರದ ಸಂಸ್ಕೃತಿ ಖಾತೆಯ ಸಚಿವರಿಗೆ,

ಮಾನ್ಯರೇ,

ಇಟಲಿಯ ಉತ್ತರದಂಚಿನ ವಾಲ್ ವೆನೊಸ್ಟಾ ಕಣಿವೆಯಲ್ಲಿ, ಅಂದರೆ ಜರ್ಮನ್ ಭಾಷಿಕರ ವಿನ್ಶ್‌ಗೌನಲ್ಲಿ, ಚಳಿಗಾಲಕ್ಕೆ ಚರ್ಚುಗಳನ್ನು ಕಾಯಿಸುವ ರೀತಿಯಿಂದ ಅಲ್ಲಿನ ಹಳೆಯ ಚಿತ್ರಗಳಿಗೆ, ಮರದ ಬಲಿಪೀಠಗಳಿಗೆ ಆಗುವ ಹಾನಿಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇವೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿ ಆಲ್ಪ್ಸ್ ತಪ್ಪಲಿನ ಬೆರ್ಗಾಮೊ ಸೀಮೆಯವರು. ಹಾಗಾಗಿ ಈ ಕಲೆಯ ಅಳಿವು ಉಳಿವಿನ ಮಾತು ಕನ್ನಡದಲ್ಲೂ ಆಗಬೇಕಾದದ್ದೇ.

ನಾಟುರ್ನ್ಸ್‌ನ ಸಂತ ಪ್ರೋಕುಲಸ್, ಮಾಲ್ಸ್‌ನ ಸಂತ ಬೆನೆಡಿಕ್ಟ್ ಚರ್ಚುಗಳ ಭಿತ್ತಿಚಿತ್ರಗಳು ಸಾವಿರ ವರ್ಷಕ್ಕೂ ಹಳೆಯವು. ಮರಿಯನ್‌ಬರ್ಗ್ ಮಠದ ನೆಲಮಾಳಿಗೆಯ ಚಿತ್ರಗಳು 12ನೇ ಶತಮಾನದವು. ಲಾಚ್ ಊರಿನ ಆಸ್ಪತ್ರೆ ಚರ್ಚಿನಲ್ಲಿ ಶಿಲ್ಪಿ ಯೋರ್ಗ್ ಲೆಡರರ್ ಸುಮಾರು 1520ರಲ್ಲಿ ಮಾಡಿದ, ರೆಕ್ಕೆಯಂತೆ ತೆರೆದು ಮುಚ್ಚುವ ಬಾಗಿಲುಗಳ ಮರದ ಬಲಿಪೀಠವಿದೆ (ಪೂಜೆಯ ಮೇಜಿನ ಹಿಂದೆ ಎತ್ತರಕ್ಕೆ ನಿಲ್ಲುವ ಕೆತ್ತನೆಯ ಚೌಕಟ್ಟು). ಶತಮಾನಗಳ ಕಾಲ ಇವನ್ನು ಕಾಪಾಡಿದ್ದರಲ್ಲಿ ಕಟ್ಟಡದೊಳಗಿನ ತಣ್ಣನೆಯ, ಮೆಲ್ಲಗೆ ಬದಲಾಗುವ ಗಾಳಿಯ ಪಾಲು ದೊಡ್ಡದು.

ಬಿಸಿಗಾಳಿ ಯಂತ್ರ ಕೆಡಿಸುವುದು ಇದನ್ನೇ. ಹೊರಗೆ −5 ಡಿಗ್ರಿ, ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ) ಶೇ. 80 ಇದೆಯೆನ್ನಿ. ಅದೇ ಗಾಳಿಯನ್ನು ಒಳಗೆಳೆದು 18 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಶೇ. 16ರ ಆಸುಪಾಸಿಗೆ ಕುಸಿಯುತ್ತದೆ. ಗೋಡೆಗಳಿಂದ, ಜನರ ಉಸಿರಿನಿಂದ ಒಂದಿಷ್ಟು ತೇವ ಸೇರಿದರೂ ಮರಕ್ಕೆ ಅದು ಸಾಲದು. ಆರ್ದ್ರತೆ ಶೇ. 65ರಿಂದ 45ಕ್ಕೆ ಇಳಿದು ಅಲ್ಲೇ ನಿಂತರೆ 30 ಸೆಂ.ಮೀ. ಅಗಲದ ಹಲಗೆ ಅಡ್ಡಕ್ಕೆ 2ರಿಂದ 3 ಮಿ.ಮೀ.ನಷ್ಟು ಕುಗ್ಗಬಹುದು. ಅದರ ಮೇಲೆ ಅಂಟಿನಲ್ಲಿ ಕಲಸಿದ ಸೀಮೆಸುಣ್ಣದ ಹಲವು ಲೇಪ, ಅದರ ಮೇಲೆ ಕೆಮ್ಮಣ್ಣು, ಕೊನೆಗೆ ಚಿನ್ನದ ರೇಕು. ಬಿರುಸಾದ ಈ ಪದರಗಳಿಗೆ ಮರದ ಜತೆ ಕುಗ್ಗಲು ಬಾರದು; ಅವು ಉಬ್ಬಿ, ಒಡೆದು, ಚಕ್ಕೆಯಾಗಿ ಉದುರುತ್ತವೆ. ಭಾನುವಾರಕ್ಕಷ್ಟೇ ಕಾಯಿಸಿದರೆ ಸಾಕಲ್ಲ ಎನ್ನುವವರಿದ್ದಾರೆ. ಆಗ ಮರದ ಮೇಲ್ಮೈ ಮಾತ್ರ ಒಣಗಿ ಬಿಗಿಯುತ್ತದೆ, ಒಳತಿರುಳು ಹಾಗೇ ಇರುತ್ತದೆ. ಈ ಎಳೆದಾಟ ವಾರವಾರವೂ ಮರುಕಳಿಸುವುದು ಇನ್ನೂ ಕೆಟ್ಟದ್ದು.

ಗೋಡೆಯ ಕಷ್ಟ ಇದಕ್ಕೆ ತಿರುಗುಮುರುಗು. ಸುಮ್ಮನೆ ಕುಳಿತ ಒಬ್ಬ ವ್ಯಕ್ತಿ ಗಂಟೆಗೆ ಸುಮಾರು 50 ಗ್ರಾಂ ನೀರನ್ನು ಆವಿಯಾಗಿ ಬಿಡುತ್ತಾನೆ. ನೂರು ಜನ ಸೇರಿದರೆ 5 ಲೀಟರ್. ಗಾಳಿ 18 ಡಿಗ್ರಿಯಲ್ಲಿದ್ದು ಆರ್ದ್ರತೆ ಶೇ. 50 ಮುಟ್ಟಿದರೆ, 7 ಡಿಗ್ರಿಗಿಂತ ತಣ್ಣಗಿರುವ ಗೋಡೆಯ ಮೇಲೆ ನೀರು ಕೂರುತ್ತದೆ. ಗಾರೆಯೊಳಗಿನ ಉಪ್ಪು ಕರಗುತ್ತದೆ, ಒಣಗಿದಾಗ ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಮೇಣದಬತ್ತಿಯ ಮಸಿ ಅಂಟುವುದೂ ತಣ್ಣನೆಯ ಗೋಡೆಗೇ ಹೆಚ್ಚು.

ದಾರಿ ದೂರದಲ್ಲಿಲ್ಲ. ನಿಮ್ಮ ನೆರೆಯ ಬೆಲ್ಲುನೊ ಜಿಲ್ಲೆಯ ರೊಕ್ಕಾ ಪಿಯೆಟೊರೆ ಚರ್ಚಿನಲ್ಲಿ ದಾರಿಯೊ ಕಮುಫ್ಫೊ ನೇತೃತ್ವದ ವಿಜ್ಞಾನಿಗಳು ಬೆಂಚುಗಳಿಗೇ ಬಿಸಿ ಕೊಡುವ ವಿಧಾನವನ್ನು ಐರೋಪ್ಯ ಒಕ್ಕೂಟದ ನೆರವಿನಿಂದ ಎರಡು ದಶಕಗಳ ಹಿಂದೆಯೇ ಪರೀಕ್ಷಿಸಿದ್ದಾರೆ. ಪಾದದ ಬಳಿ, ಆಸನದ ಕೆಳಗೆ, ಕೈ ಊರುವಲ್ಲಿ ಕಡಿಮೆ ಉಷ್ಣದ ತೆಳು ವಿದ್ಯುತ್ ಹಾಳೆಗಳನ್ನು ಕೂರಿಸಿದರು. ಬಿಸಿ ಬೆಂಚಿನ ಸುತ್ತಲೇ ಉಳಿಯುತ್ತದೆ, ಬಲಿಪೀಠದತ್ತ ಹೋಗುವುದು ತೀರಾ ಕಡಿಮೆ. ಚರ್ಚಿನೊಳಗೆ ಕೋಟು ಕಳಚುವಷ್ಟು ಬೆಚ್ಚಗಾಗುವುದಿಲ್ಲ ನಿಜ. ಕಳಚುವ ಅಗತ್ಯವೂ ಇಲ್ಲ.

ಆದ್ದರಿಂದ ಹಳೆಯ ಚರ್ಚುಗಳ ಬಿಸಿ ವ್ಯವಸ್ಥೆಗೆ ಸಾರ್ವಜನಿಕ ಹಣ ಕೊಡುವ ಮುನ್ನ ಕನಿಷ್ಠ 13 ತಿಂಗಳ ಉಷ್ಣತೆ ಮತ್ತು ಆರ್ದ್ರತೆಯ ದಾಖಲೆ ಕೇಳಿ. ಮಾಪಕಗಳು ಬಲಿಪೀಠದ ಬೆನ್ನಿಗೆ, ಅದರ ಮೇಲ್ತುದಿಗೆ (ಬಿಸಿಗಾಳಿ ಸೇರುವುದು ಅಲ್ಲೇ), ಕುಳಿತವರ ತಲೆಯ ಮಟ್ಟಕ್ಕೆ, ಕಟ್ಟಡದ ಹೊರಕ್ಕೆ ಒಂದೊಂದಿರಲಿ. ಆ ಕಟ್ಟಡ ಈವರೆಗೆ ಕಂಡ ಏರಿಳಿತದ ಮಿತಿಯನ್ನು ಐರೋಪ್ಯ ಮಾನಕ ಇಎನ್ 15757ರ ಲೆಕ್ಕದಂತೆ ತೆಗೆದು, ಹೊಸ ವ್ಯವಸ್ಥೆ ಅದನ್ನು ಮೀರದಂತೆ ಷರತ್ತು ಹಾಕಿ. ಚರ್ಚುಗಳ ಬಿಸಿಗೆಂದೇ ಇಎನ್ 15759-1 ಇದೆ, ಟೆಂಡರಿನಲ್ಲಿ ಅದರ ಹೆಸರೂ ಇರಲಿ. ಬೆಂಚಿಗೆ ವಿದ್ಯುತ್ ಎಳೆಯುವಾಗ ಹಳೆಯ ವೈರಿಂಗ್ ಬದಲಿಸಿ, ಸೋರಿಕೆ ತಡೆವ ಬ್ರೇಕರ್ ಹಾಕುವ ಖರ್ಚನ್ನೂ ಅನುದಾನದಲ್ಲೇ ಸೇರಿಸಿ. ಸಣ್ಣ ಊರುಗಳ ಚರ್ಚು ಸಮಿತಿಗಳು ಎಡವುವುದು ಇಲ್ಲೇ.

ಕೊನೆಗೆ, ಖರ್ಚಿಲ್ಲದ ಒಂದು ಕೆಲಸ. ವಸಂತದ ಬೆಚ್ಚನೆ ಮಧ್ಯಾಹ್ನ ಬಾಗಿಲು ತೆರೆದಿಡುವ ರೂಢಿಯನ್ನು ನಿಲ್ಲಿಸಲು ಚರ್ಚು ನೋಡಿಕೊಳ್ಳುವವರಿಗೆ ಸೂಚನೆ ಕಳಿಸಿ. ಹೊರಗಿನ ತೇವದ ಗಾಳಿ ಇನ್ನೂ ತಣ್ಣಗಿರುವ ಗೋಡೆಗೆ ತಗುಲಿ ಬೆವರುವುದು ಆಗಲೇ. ಒಳಗಿನದಕ್ಕಿಂತ ಹೊರಗಿನ ಗಾಳಿಯಲ್ಲಿ ನೀರಾವಿ ಕಡಿಮೆಯಿದ್ದಾಗ ಮಾತ್ರ ಬಾಗಿಲು ತೆರೆಯಲಿ.

ಇಂತಿ,
ಚರ್ಚು ಕಲೆಯ ಸಂರಕ್ಷಣೆಯಲ್ಲಿ ತೊಡಗಿರುವ ಕನ್ನಡಿಗರು