ಮಂಡಲ ಬರೆದ್ರೆ ಸಾಲ್ದು ಕಣಪ್ಪಾ

ಪ್ರೀತಿಯ ತಮ್ಮಾ,

ನಿನ್ ನಾಟಕ ಎರಡ್ ಸಲ ಓದ್ದೆ. ಮೊದಲ್ನೇ ಸೀನಲ್ಲೇ ಮಂಡಲ, ತ್ರಿಕೋನ, ತಲೆಬುರುಡೆ, ಲ್ಯಾಟಿನ್ ಮಂತ್ರ ಎಲ್ಲಾ ಇದೆ, ಆದ್ರೆ ಆ ಮಂತ್ರವಾದಿಗೆ ಏನ್ ಬೇಕು ಅಂತ ಕೊನೇವರೆಗೂ ಗೊತ್ತಾಗ್ಲಿಲ್ಲ ಮಾರಾಯ. ನಾನೂ ನಿನ್ ವಯಸ್ಸಲ್ಲಿ ಸ್ಟೇಜ್ ತುಂಬಾ ರಂಗೋಲಿ ಪುಡೀಲಿ ಚಕ್ರ ಬರ್ಸಿದ್ದೆ, ಹಿಂದಿನ್ ಸಾಲಲ್ಲಿ ಕೂತೋರಿಗೆ ಅದು ಕಾಣ್ಲೇ ಇಲ್ಲ.

ಇಂಗ್ಲಿಷ್ ನಾಟಕಕಾರ ಮಾರ್ಲೋನ ಡಾಕ್ಟರ್ ಫಾಸ್ಟಸ್ ನಾಟಕ ಇನ್ನೊಂದ್ಸಲ ತೆಗ್ದು ನೋಡು. ಆ ಫಾಸ್ಟಸ್ಸೂ ವೃತ್ತ ಹಾಕ್ತಾನೆ, ಒಳಗೆ ದೇವರ ಹೆಸರನ್ನ ಹಿಂದೆ ಮುಂದೆ ಅಕ್ಷರ ಪಲ್ಟಿ ಹೊಡ್ಸಿ ಬರೀತಾನೆ, ಮೆಫಿಸ್ಟೋಫಿಲಿಸ್ ಅನ್ನೋ ಪಿಶಾಚಿ ಬಂದೇ ಬಿಡ್ತಾನೆ, ಇವ್ನು ನನ್ ಮಂತ್ರಕ್ಕೇ ಬಂದ ಅಂತ ಬೀಗ್ತಿದ್ರೆ ಅವ್ನು ತಣ್ಣಗೆ ಹೇಳ್ತಾನೆ, ಮಂತ್ರ ಬರೀ ನೆಪ, ಯಾರಾದ್ರೂ ದೇವರ ಹೆಸರು ಕೆಡ್ಸಿದ್ರೆ ಆತ್ಮ ಸಿಗಬಹುದು ಅಂತ ನಾವೇ ಓಡ್ಬರ್ತೀವಿ ಅಂತ. 24 ವರ್ಷದ ಸುಖಕ್ಕೆ ಆತ್ಮ ಬರ್ಕೊಡೋವಾಗ ಕೈಯಲ್ಲಿ ರಕ್ತ ಹೆಪ್ಪುಗಟ್ಟಿ ಬರವಣಿಗೆ ನಿಂತೋಗುತ್ತೆ, ಕೆಂಡ ತಂದು ಕರಗಿಸ್ಬೇಕಾಗುತ್ತೆ. ಸಂಕೇತ ಅಂದ್ರೆ ಅದು, ಅವನ ಮೈಯೇ ಬೇಡ ಅಂತಿದೆ. ಇಷ್ಟೆಲ್ಲಾ ಮಾಡಿ ಪಡೆದ ಶಕ್ತೀಲಿ ಆಮೇಲೇನ್ ಮಾಡ್ದ? ಜನವರಿ ಚಳೀಲಿ ಒಬ್ಳು ಬಸುರಿ ಡಚೆಸ್‌ಗೆ ಬಯಕೆ ಅಂತ ದ್ರಾಕ್ಷಿ ತರಿಸ್ಕೊಟ್ಟ. ದ್ರಾಕ್ಷಿ ಕಣೋ!

ಇನ್ನೊಬ್ಬ ಇಂಗ್ಲಿಷ್ ನಾಟಕಕಾರ ಬೆನ್ ಜಾನ್ಸನ್ ಅಂತೂ 1610ರ ಆಲ್ಕೆಮಿಸ್ಟ್ ನಾಟಕದಲ್ಲಿ ಈ ಗೂಢ ಚಿಹ್ನೆಗಳ ಮಾನ ಹರಾಜ್ ಹಾಕಿದಾನೆ. ಹೊಗೆಸೊಪ್ಪು ಮಾರೋ ಏಬೆಲ್ ಡ್ರಗ್ಗರ್ ಬಂದು ಅಂಗಡಿ ಬಾಗಿಲು ಎಲ್ಲಿಡ್ಲಿ, ಶೆಲ್ಫ್ ಎಲ್ಲಿಡ್ಲಿ ಅಂತ ಕೇಳ್ತಾನೆ, ಥೇಟ್ ನಮ್ ವಾಸ್ತು ಗಿರಾಕಿ. ಕಬ್ಬಿಣಾನ ಚಿನ್ನ ಮಾಡ್ತೀನಿ ಅನ್ನೋ ಕಳ್ಳ ರಸವಾದಿ ಅವನಿಗೆ ಬೋರ್ಡ್ ಡಿಸೈನ್ ಮಾಡ್ಕೊಡ್ತಾನೆ: ಒಂದು ಗಂಟೆ, ಅಂದ್ರೆ ಎ ಬೆಲ್, ಪಕ್ಕದಲ್ಲಿ ಡೀ ಅನ್ನೋನು 'ರಗ್' ಬಟ್ಟೆ ನಿಲುವಂಗಿ ಹಾಕ್ಕೊಂಡು ನಿಂತಿದಾನೆ, ಎದುರಿಗೆ 'ಅರ್ರ್' ಅಂತ ಗುರುಗುಟ್ಟೋ ನಾಯಿ. ಸೇರಿಸಿ ಓದು, ಏಬೆಲ್ ಡ್ರಗ್ಗರ್! ಆ ಡೀ ಸುಮ್ನೆ ಬಂದ ಹೆಸರಲ್ಲ, ಮೊದಲ್ನೇ ಎಲಿಜಬೆತ್ ರಾಣಿ ಪಟ್ಟಾಭಿಷೇಕಕ್ಕೆ ದಿನ ನೋಡ್ಕೊಟ್ಟ ಜಾನ್ ಡೀ, 1564ರಲ್ಲಿ ಒಂದೇ ಒಂದು ಚಿಹ್ನೆ ಮೇಲೆ ಇಡೀ ಪುಸ್ತಕ ಬರ್ದೋನು. ಈ ನಾಟಕ ಬಂದಾಗ ಅವ್ನು ತೀರ್ಕೊಂಡು ಒಂದೆರಡು ವರ್ಷ ಆಗಿತ್ತಷ್ಟೆ. ಜನ ಎಷ್ಟ್ ನಕ್ಕಿರ್ಬೇಡ.

ಈಗ ನಿನ್ನ ನಾಟಕಕ್ ಬಾ. ಮೂರನೇ ಸೀನಲ್ಲಿ ಮಂತ್ರವಾದಿ ಹೆಂಡ್ತಿ ದೀಪದ್ ಎಣ್ಣೆ ಮುಗ್ದಿದೆ, ಅಂಗಡಿಯೋನು ಸಾಲ ಕೊಡಲ್ವಂತೆ ಅಂತಾಳಲ್ಲ, ನೀನು ಒಂದೇ ಸಾಲಲ್ಲಿ ದಾಟ್ಸಿಬಿಟ್ಟಿದೀಯ. ಅಲ್ಲಿಂದ ಶುರು ಮಾಡು. ಮಂಡಲ ಆಮೇಲ್ ಬರೀಲಿ, ಆ ಕತ್ಲಲ್ಲೇ.