ಆ ಮೀನು ದಡ ಬಿಟ್ಟು ಓಡದಿರುವುದಕ್ಕೆ ಕಾರಣ ಇದೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಮಗನ ಮನೆಗೆ ಬಂದು ಹೋದ ಹಿರಿಯರೊಬ್ಬರ ಪತ್ರ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಮೇ ತಿಂಗಳಲ್ಲಿ ಇಲ್ಲಿನ ಕೆರೆಗಳಲ್ಲಿ ದೊಡ್ಡ ದೊಡ್ಡ ಮೀನು ದಡದಲ್ಲೇ ನಿಂತಿರುತ್ತವೆ, ಜನ ಕಂಡರೂ ಓಡಲ್ಲ, ಗಾಳವನ್ನು ಮೂತಿಯ ಮುಂದೆ ಇಳಿಸಿದರೆ ಸಾಕು, ಹೋದವರು ಈ ಮಜಾ ತಪ್ಪಿಸಿಕೊಳ್ಳಬೇಡಿ ಎಂದು ಅವರು ಬರೆದಿದ್ದರು. ಅವರು ಕಂಡಿದ್ದು ನೂರಕ್ಕೆ ನೂರು ನಿಜ. ಕೊಟ್ಟ ಸಲಹೆಗೆ ಮಾತ್ರ ನನ್ನ ತಕರಾರಿದೆ.

ನಾನು ಹೊಸನಗರದ ಕಡೆಯವನು. ಕಾರು ತಯಾರಿಕೆಯ ಕೆಲಸ ಹಿಡಿದು ಮಿಷಿಗನ್ ರಾಜ್ಯದ ನೋವೈ ಎಂಬ ಊರಿಗೆ ಬಂದವನು ಇಲ್ಲೇ ಉಳಿದಿದ್ದೇನೆ. ಗಾಳದ ಹುಚ್ಚು ಚಿಕ್ಕಂದಿನಿಂದ ಇದೆ, ಇಲ್ಲಿ ಬಂದ ಮೇಲೆ ಜಾಸ್ತಿಯೇ ಆಗಿದೆ. ಈ ರಾಜ್ಯದಲ್ಲಿ 11,000ಕ್ಕೂ ಹೆಚ್ಚು ಕೆರೆ, ಸರೋವರಗಳಿವೆ. ಇಂಥ ಕಡೆ ಇದ್ದುಕೊಂಡು ಹುಚ್ಚು ಕಡಿಮೆಯಾಗುವುದಾದರೂ ಹೇಗೆ? ಹಾಗಾಗಿ ಮೀನು ಹಿಡಿಯಬೇಡಿ ಎಂದು ಉಪದೇಶ ಮಾಡೋಕೆ ಬಂದಿಲ್ಲ.

ಅವರು ನೋಡಿದ್ದು ಲಾರ್ಜ್‌ಮೌತ್ ಬಾಸ್ ಇರಬೇಕು. ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿನಿಂದಲೂ ಹಿಂದಕ್ಕೆ ಹೋಗುವಷ್ಟು ಅಗಲ ಬಾಯಿ. ಚಳಿಗಾಲದಲ್ಲಿ ಇಲ್ಲಿನ ಕೆರೆಗಳ ಮೇಲೆ ಹಿಮಗಟ್ಟಿರುತ್ತೆ. ಮಾರ್ಚ್ ಕಡೆಯಲ್ಲಿ ಅದು ಕರಗಿದ ಮೇಲೂ ನೀರು ಬೆಚ್ಚಗಾಗೋಕೆ ಎರಡು ತಿಂಗಳು ಬೇಕು. ನೀರು 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 15–16 ಸೆಲ್ಸಿಯಸ್ ದಾಟಿತು ಅಂದರೆ ಗಂಡು ಬಾಸ್ ದಡದ ಹತ್ತಿರ ಬರುತ್ತೆ. ಮೊಣಕಾಲುದ್ದ, ಸೊಂಟದುದ್ದ ನೀರಿನಲ್ಲಿ ಬಾಲ ಬೀಸಿ ಬೀಸಿ ಕೆಸರು ತಳ್ಳುತ್ತೆ. ಕೆಳಗಿನ ಗಟ್ಟಿ ಮರಳು, ಸಣ್ಣ ಕಲ್ಲು ಕಾಣಿಸುತ್ತೆ. ಎರಡು ಮೂರು ಅಡಿ ಅಗಲದ ದುಂಡನೆಯ ಗುಂಡಿ, ಅದೇ ಗೂಡು. ಹೆಣ್ಣು ಬಂದು ಸಾವಿರಗಟ್ಟಲೆ ಮೊಟ್ಟೆ ಇಟ್ಟು ಹೊರಟುಹೋಗುತ್ತೆ. ಆಮೇಲಿನ ಬಾಣಂತನವೆಲ್ಲ ಗಂಡಿನದು. ಮೊಟ್ಟೆಯ ಮೇಲೆ ಹೂಳು ಕೂರದಂತೆ ಬಾಲ ಆಡಿಸುತ್ತಾ ಇರಬೇಕು. ಕೆಲವು ದಿನಕ್ಕೆ ಮೊಟ್ಟೆ ಒಡೆಯುತ್ತೆ. ಮರಿಗಳು ಮೇಲೆದ್ದು ಈಜೋಕೆ ಶುರು ಮಾಡಿದ ಮೇಲೂ ಅವುಗಳ ಗುಂಪಿನ ಹಿಂದೆಯೇ ಸುತ್ತುತ್ತೆ. ಇಷ್ಟೂ ದಿನ ಅದಕ್ಕೆ ಊಟ ಅಷ್ಟಕ್ಕಷ್ಟೆ.

ಹಾಗಿದ್ದರೆ ಗಾಳಕ್ಕೆ ಬಾಯಿ ಯಾಕೆ ಹಾಕುತ್ತೆ? ಹಸಿವಿಗಲ್ಲ. ಗೂಡಿನೊಳಗೆ ಏನು ಬಿದ್ದರೂ ಅದರ ಪಾಲಿಗೆ ಮೊಟ್ಟೆ ಕಳ್ಳನೇ. ಪ್ಲಾಸ್ಟಿಕ್ ಹುಳ ಬಿದ್ದರೂ ಕಚ್ಚಿ ಎತ್ತಿ ಆಚೆ ಒಯ್ಯೋಕೆ ನೋಡುತ್ತೆ. ಅಷ್ಟು ಹೊತ್ತಿಗೆ ಕೊಕ್ಕೆ ಸಿಕ್ಕಿಕೊಂಡಿರುತ್ತೆ.

ಹೋದ ಮೇ ತಿಂಗಳಲ್ಲಿ ಅಪ್ಪಯ್ಯ ಇಲ್ಲಿಗೆ ಬಂದಿದ್ದರು. ಮನೆಯಿಂದ ಸ್ವಲ್ಪ ದೂರದಲ್ಲಿ ಕೆನ್ಸಿಂಗ್ಟನ್ ಪಾರ್ಕ್ ಇದೆ, ಅದರ ನಡುವೆ ಕೆಂಟ್ ಲೇಕ್. ಇಲ್ಲಿನ ಕನ್ನಡದವರು ಊರಿನಿಂದ ಅಪ್ಪ ಅಮ್ಮ ಬಂದರೆ ಚಪಾತಿ ಪಲ್ಯ, ಚಿತ್ರಾನ್ನ ಕಟ್ಟಿಕೊಂಡು ಹೋಗುವ ಜಾಗ. ದಡದಲ್ಲಿ ನಿಂತು ನನ್ನ ಪೋಲರಾಯ್ಡ್ ಕನ್ನಡಕ ಅವರಿಗೆ ಕೊಟ್ಟೆ. ಅದು ಹಾಕಿಕೊಂಡರೆ ನೀರಿನ ಮೇಲಿನ ಹೊಳಪು ಹೋಗಿ ತಳ ನಿಚ್ಚಳವಾಗಿ ಕಾಣುತ್ತೆ. ಅಪ್ಪಯ್ಯ ಬಗ್ಗಿ ನೋಡಿ, “ಅಲ್ಲೋ, ಇಷ್ಟು ಹತ್ರ ಬಂದ್ರೂ ಏಳ್ತಾ ಇಲ್ವಲ್ಲ. ಇದಕ್ಕೆ ಹುಷಾರಿಲ್ವಾ ಹೆಂಗೆ?” ಅಂದರು. ಗೂಡಿನ ಸುತ್ತ ಅಂಗೈ ಅಗಲದ ಬ್ಲೂಗಿಲ್ ಮೀನುಗಳು ಹೊಂಚು ಹಾಕಿಕೊಂಡಿದ್ದವು. ಒಂದು ಸ್ವಲ್ಪ ಮುಂದೆ ಬಂದರೆ ಬಾಸ್ ಅಟ್ಟಿಸಿಕೊಂಡು ಹೋಗಿ ಥಟ್ಟನೆ ತಿರುಗಿ ಗೂಡಿಗೆ ಬರುತ್ತಿತ್ತು.

ಅಷ್ಟರಲ್ಲಿ ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಒಬ್ಬ ಹುಡುಗ ಬಂದ. ಅವನಿಗೂ ಮೀನು ಕಂಡಿತು. ನಡುವಿಗೆ ಕೊಕ್ಕೆ ಚುಚ್ಚಿದ ರಬ್ಬರ್ ಹುಳ ಇಳಿಸಿದ. ಮೊದಲ ಸಲ ಮೀನು ದುರುಗುಟ್ಟಿ ನೋಡಿತು, ಎರಡನೇ ಸಲ ಕಚ್ಚಿತು. ಹುಡುಗ ಒಳ್ಳೆಯವನೇ. ಕೈ ಒದ್ದೆ ಮಾಡಿಕೊಂಡು ಮೀನನ್ನು ಎತ್ತಿದ, ಪಟ್ಟಿಯ ಮೇಲಿಟ್ಟು ಅಳೆದ, ಒಂದು ಫೋಟೊ ತೆಗೆದ, ಮೆಲ್ಲಗೆ ನೀರಿಗೆ ಬಿಟ್ಟ. ಎಲ್ಲ ಕಾನೂನು ಪ್ರಕಾರವೇ. ಆದರೆ ಆ ಕಡೆ ಅವನು ಅಳೆಯುತ್ತಿದ್ದಾಗ ಈ ಕಡೆ ಬ್ಲೂಗಿಲ್‌ಗಳು ಗೂಡಿಗೆ ನುಗ್ಗಿದ್ದವು. ತಲೆ ಕೆಳಗೆ, ಬಾಲ ಮೇಲೆ, ಒಂದರ ಮೇಲೊಂದು ಬಿದ್ದು ಮೊಟ್ಟೆ ಮುಕ್ಕುತ್ತಿದ್ದವು. ಬಾಸ್ ವಾಪಸು ಬರುವಷ್ಟರಲ್ಲಿ ಎಷ್ಟು ಉಳಿದಿತ್ತೋ ದೇವರಿಗೇ ಗೊತ್ತು. ಸುಸ್ತಾದ ಗಂಡು ಕೆಲವು ಸಲ ಗೂಡನ್ನೇ ಬಿಟ್ಟು ಹೋಗುವುದೂ ಉಂಟು. ಇದನ್ನು ಇಲ್ಲಿನ, ಕೆನಡಾದ ಸಂಶೋಧಕರು ನೀರಿನಲ್ಲಿ ಮುಳುಗಿ ನೋಡಿ ಬರೆದಿದ್ದಾರೆ.

“ಇದು ನಮ್ಮ ಕೊರವನ ಕಥೆನೇ ಅಲ್ವಾ!” ಅಂದರು ಅಪ್ಪಯ್ಯ. ಹಾವಿನಂಥ ತಲೆಯ, ಕೊರವ, ಕುಚ್ಚು ಎಂದೆಲ್ಲ ಕರೆಯುವ ಮೀನು ನಮ್ಮ ಕೆರೆಗಳಲ್ಲಿ ಇದೆಯಲ್ಲ, ಅದೂ ಮರಿ ಕಾಯುತ್ತೆ. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಬುಳುಬುಳು ಅನ್ನುತ್ತಿದ್ದರೆ ಅಪ್ಪ ಅಮ್ಮ ಕೆಳಗೇ ಇರುತ್ತವೆ. ಗಾಳ ಹಾಕುವವರಿಗೆ ಅದು ಗೊತ್ತು, ಮರಿಗಳ ನಡುವೆಯೇ ಕಪ್ಪೆ ಕುಣಿಸುತ್ತಾರೆ. ತಾಯಿ ಮೀನು ಸಾರಿಗೆ ಹೋದರೆ ಮರಿಗಳು ಬೇರೆ ಮೀನಿನ ಬಾಯಿಗೆ ಹೋಗುತ್ತವೆ. ಊರಿನಲ್ಲಿ ಅಪ್ಪಯ್ಯ ಮರಿ ಕಂಡ ಕಡೆ ಗಾಳ ಹಾಕಲು ನಮ್ಮನ್ನು ಬಿಡುತ್ತಿರಲಿಲ್ಲ. ಹಾಕಿದರೆ ಬೆನ್ನಿಗೆ ಬೀಳುತ್ತಿತ್ತು.

ಇಲ್ಲಿನ ಕಾನೂನು ಏನು ಹೇಳುತ್ತೆ ಅಂದರೆ, ಮಿಷಿಗನ್‌ನಲ್ಲಿ ವರ್ಷವಿಡೀ ಬಾಸ್ ಹಿಡಿದು ತಕ್ಷಣ ಬಿಡಬಹುದು. ಮನೆಗೆ ಒಯ್ಯಬೇಕಾದರೆ ಮೇ ಕಡೆಯ ಮೆಮೋರಿಯಲ್ ಡೇ ರಜೆಯ ಹಿಂದಿನ ಶನಿವಾರದ ತನಕ ಕಾಯಬೇಕು. ಮೀನು ಕನಿಷ್ಠ 14 ಇಂಚು ಇರಬೇಕು, ದಿನಕ್ಕೆ ಐದು ಮಾತ್ರ. ಡೆಟ್ರಾಯಿಟ್ ಪಕ್ಕದ ಸೇಂಟ್ ಕ್ಲೇರ್ ಸರೋವರದಲ್ಲಾದರೆ ಜೂನ್ ಮೂರನೇ ಶನಿವಾರದಿಂದ. ಓದಿದರೆ ಚೆನ್ನಾಗಿಯೇ ಇದೆ. ಆದರೆ ನಮ್ಮ ಈ ದಕ್ಷಿಣ ಭಾಗದಲ್ಲಿ ಲಾರ್ಜ್‌ಮೌತ್ ಗೂಡು ಕಟ್ಟೋದೇ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಮನೆಗೆ ಒಯ್ಯಿರಿ ಎಂದು ಬಾಗಿಲು ತೆರೆಯೋ ವಾರದಲ್ಲೇ ಗೂಡುಗಳೂ ತುಂಬಿರುತ್ತವೆ. ನೆರೆಯ ಕೆನಡಾದ ಒಂಟೇರಿಯೊ ಪ್ರಾಂತ್ಯದವರು ಈ ವಿಷಯದಲ್ಲಿ ಬಿಗಿ. ಅಲ್ಲಿ ದಕ್ಷಿಣದ ಬಹುತೇಕ ಸರೋವರಗಳಲ್ಲಿ ಜೂನ್ ಉತ್ತರಾರ್ಧದ ತನಕ ಬಾಸ್‌ಗೆ ಗಾಳ ಹಾಕುವಂತೆಯೇ ಇಲ್ಲ, ಬಿಡುತ್ತೇನೆ ಅಂದರೂ ಇಲ್ಲ.

ತಜ್ಞರಲ್ಲಿ ಎರಡು ಮಾತಿದೆ, ಅದನ್ನೂ ಹೇಳಬೇಕು. ಕೆಲವೇ ಗೂಡು ಉಳಿದರೂ ಕೆರೆ ತುಂಬುವಷ್ಟು ಮರಿ ಆಗುತ್ತವೆ, ಮೀನಿನ ಸಂಖ್ಯೆ ಇಳಿಯಲ್ಲ ಎನ್ನುವವರಿದ್ದಾರೆ. ಟೆಕ್ಸಸ್, ಫ್ಲಾರಿಡಾ ಕಡೆ ಗೂಡಿನ ಮೀನು ಹಿಡಿಯುವುದನ್ನೇ ಒಂದು ಕಲೆ ಮಾಡಿಕೊಂಡಿದ್ದಾರೆ. ಇನ್ನು ಜಪಾನಿನ ಬಿವಾ ಸರೋವರದ ಕಥೆಯೇ ಬೇರೆ. ಅಲ್ಲಿ ಬಾಸ್ ಹೊರಗಿನಿಂದ ತಂದು ಬಿಟ್ಟ ಪಿಡುಗು. ಒಮ್ಮೆ ಹಿಡಿದರೆ ವಾಪಸು ನೀರಿಗೆ ಬಿಡಬಾರದು ಅನ್ನೋದು ಅಲ್ಲಿನ ನಿಯಮ. ತಮಾಷೆ ಅಂದರೆ 1932ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಆದ 22 ಪೌಂಡ್ 4 ಔನ್ಸ್ ವಿಶ್ವದಾಖಲೆಯನ್ನು 2009ರಲ್ಲಿ ಸರಿಗಟ್ಟಿದ ಮೀನು ಸಿಕ್ಕಿದ್ದೂ ಬಿವಾದಲ್ಲೇ. ಅಲ್ಲಿ ಹೇಗಾದರೂ ಇರಲಿ. ಇಲ್ಲಿ ಬಾಸ್ ಈ ನೀರಿನದೇ ಮೀನು, ಮೊಟ್ಟೆ ಕಾಯೋ ಕಾಲವೂ ಚಿಕ್ಕದು. ಕಣ್ಣಿಗೆ ಕಾಣೋ, ಓಡದ ಮೀನಿನ ಮುಂದೆ ಹುಳ ಆಡಿಸಿ ಸಿಟ್ಟು ಬರಿಸಿ ಹಿಡಿಯುವುದರಲ್ಲಿ ಎಂಥ ಬೇಟೆ ಇದೆ ಎಂದು ನನಗಂತೂ ಗೊತ್ತಾಗಿಲ್ಲ.

ಗಾಳ ಹಾಕಲೇಬೇಕು ಅನ್ನುವವರಿಗೆ ವಸಂತದಲ್ಲಿ ಬೇಕಾದಷ್ಟು ದಾರಿ ಇದೆ. ಏಪ್ರಿಲ್‌ನಲ್ಲಿ ಬನ್ನಿ. ಬಿಸಿಲು ಬೇಗ ತಾಗೋ ಉತ್ತರ ದಡದ ಕೊಲ್ಲಿಗಳಲ್ಲಿ ನೀರು ಮೊದಲು ಬೆಚ್ಚಗಾಗುತ್ತೆ. ಹಸಿದ ಬಾಸ್ ಮಧ್ಯಾಹ್ನದ ಮೇಲೆ ಅಲ್ಲಿಗೆ ಬರುತ್ತೆ. ಹಿಡಿದು, ನೋಡಿ, ಬಿಡಿ. ಕೆಳತುಟಿಯೊಳಗೆ ಹೆಬ್ಬೆರಳಿಟ್ಟು ಹಿಡಿಯಬೇಕು. ಹಲ್ಲು ಉಪ್ಪು ಕಾಗದದಷ್ಟು ಮಾತ್ರ ಒರಟು, ಹೆದರಬೇಡಿ. ಸಾರಿಗೆ ಬೇಕಾದರೆ ಪರ್ಚ್, ಬ್ಲೂಗಿಲ್ ಬಾಸ್‌ಗಿಂತ ರುಚಿ. ಪೆಟ್ರೋಲ್ ಬಂಕ್ ಅಂಗಡಿಯ ಫ್ರಿಜ್‌ನಲ್ಲಿ ಎರೆಹುಳದ ಡಬ್ಬಿ ಇಟ್ಟಿರುತ್ತಾರೆ, ಅದೇ ಸಾಕು. ಬ್ಲೂಗಿಲ್ ದಿನಕ್ಕೆ 25ರವರೆಗೆ ಒಯ್ಯಬಹುದು. ದೊಡ್ಡ ಬಾಸ್‌ನಲ್ಲಿ ಪಾದರಸದ ಅಂಶವೂ ಇರುತ್ತೆ. ಯಾವ ಕೆರೆಯ ಯಾವ ಮೀನನ್ನು ಎಷ್ಟು ತಿನ್ನಬಹುದು ಎಂದು ರಾಜ್ಯದ ಆರೋಗ್ಯ ಇಲಾಖೆಯೇ ಪಟ್ಟಿ ಕೊಡುತ್ತೆ.

ಲೈಸೆನ್ಸ್ ಬಗ್ಗೆ ಆ ಪತ್ರದಲ್ಲಿ ಒಂದು ಮಾತೂ ಇರಲಿಲ್ಲ. 17 ತುಂಬಿದವರೆಲ್ಲರಿಗೂ ಬೇಕು, ಮಗನ ಲೈಸೆನ್ಸ್‌ನಲ್ಲಿ ಅಪ್ಪ ಗಾಳ ಹಾಕುವಂತಿಲ್ಲ. 65 ದಾಟಿದವರಿಗೆ ರಿಯಾಯಿತಿ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಅದು ಈ ರಾಜ್ಯದ ನಿವಾಸಿಗಳಿಗೆ, ಪ್ರವಾಸಿ ವೀಸಾ ಮೇಲೆ ಬಂದವರಿಗಲ್ಲ. ಒಂದು ದಿನದ ಲೈಸೆನ್ಸ್ ಸಿಗುತ್ತೆ, ಮೊಬೈಲ್‌ನಲ್ಲೇ ಮಾಡಿಸಬಹುದು. ಜೂನ್ ಎರಡನೇ ವಾರಾಂತ್ಯದಲ್ಲಿ ಯಾರಿಗೂ ಲೈಸೆನ್ಸೇ ಬೇಡ, ಉಳಿದ ನಿಯಮ ಮಾತ್ರ ಹಾಗೇ ಇರುತ್ತವೆ.

ಕೊನೆಗೆ ನಮ್ಮ ಕಡೆಯವರಿಗೂ ಒಂದು ಮಾತು, ಬೈದುಕೊಂಡರೂ ಪರವಾಗಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯಲ್ಲ. ಮಲೆನಾಡಿನಲ್ಲಿ ಅದೇ ಜೂನ್‌ನಲ್ಲಿ, ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಹಳ್ಳದಿಂದ ಗದ್ದೆಗೆ ಹತ್ತೋ ಮೀನನ್ನು ಟಾರ್ಚ್ ಹಿಡಿದು ಕತ್ತಿಯಲ್ಲಿ ಕಡಿಯುತ್ತೇವೆ. ಹತ್ತುಮೀನಿನ ಸಾರಿನ ರುಚಿ ನನಗೂ ಗೊತ್ತು. ಆದರೂ ಮೊದಲ ಮಳೆಯ ಒಂದೆರಡು ರಾತ್ರಿ ಕತ್ತಿ ಮನೆಯಲ್ಲೇ ಇರಲಿ ಎಂದು ಒಂದಾದರೂ ಗ್ರಾಮ ಪಂಚಾಯಿತಿ ಈ ಸಲ ಡಂಗುರ ಹೊಡೆಸಿದರೆ, ಆ ಸುದ್ದಿಯನ್ನು ದಯವಿಟ್ಟು ಮುಖಪುಟದಲ್ಲಿ ಹಾಕಿ.

ಇಂತಿ,
ಹೊಸನಗರ ಕಡೆಯ ಓದುಗ
ನೋವೈ, ಮಿಷಿಗನ್