ಧ್ರುವದ ದಾರಿಯಲ್ಲಿ ನನ್ನನ್ನು ಉಳಿಸಿದವರಿಗೆ

ದಕ್ಷಿಣ ಧ್ರುವದಿಂದ ಊರಿಗೆ ಮರಳಿ ಮೂರು ವಾರಗಳಾದವು. ಅಂಟಾರ್ಕ್ಟಿಕಾದ ಅಂಚಿನ ಹರ್ಕ್ಯುಲಿಸ್ ಇನ್ಲೆಟ್‌ನಿಂದ ಧ್ರುವದವರೆಗಿನ ಸುಮಾರು 1,130 ಕಿ.ಮೀ. ದೂರವನ್ನು, ಊಟ, ಇಂಧನ, ಡೇರೆಗಳನ್ನೆಲ್ಲ ತುಂಬಿದ ಸ್ಲೆಡ್ಜನ್ನು ಸೊಂಟಕ್ಕೆ ಬಿಗಿದುಕೊಂಡು, 49 ದಿನಗಳಲ್ಲಿ ಒಬ್ಬಂಟಿಯಾಗಿ ಕ್ರಮಿಸಿದ್ದಕ್ಕೆ ಹಲವರು ಅಭಿನಂದಿಸಿ ಬರೆದಿದ್ದೀರಿ. ಜೀವಂತ ಮರಳಿದ್ದಕ್ಕೆ ಯಾರ ಯಾರ ಋಣವಿದೆ ಎಂಬುದನ್ನು ಎಲ್ಲರೆದುರು ಹೇಳದೆ ಆ ಅಭಿನಂದನೆಯನ್ನು ಸ್ವೀಕರಿಸಲು ಮನಸ್ಸು ಒಪ್ಪುತ್ತಿಲ್ಲ.

ಮೊದಲ ನಮಸ್ಕಾರ ಉಡುಪಿಯ ಸ್ಟವ್ ರಿಪೇರಿ ಮಾಮನಿಗೆ. ಧ್ರುವದ ಹಾದಿಯಲ್ಲಿ ಸ್ಟವ್ ಬೇಕಾಗುವುದು ಅಡುಗೆಗಿಂತ ಮೊದಲು ನೀರಿಗೆ. ಕಣ್ಣು ಹಾಯುವಷ್ಟು ದೂರವೂ ಹಿಮವೇ ಇದ್ದರೂ ಅದನ್ನು ಕರಗಿಸದೆ ಒಂದು ಗುಟುಕು ನೀರೂ ಸಿಗುವುದಿಲ್ಲ. 1911ರಲ್ಲಿ ದಕ್ಷಿಣ ಧ್ರುವವನ್ನು ಮೊಟ್ಟಮೊದಲು ತಲುಪಿದ ಅಮುಂಡ್ಸನ್ ತಂಡ ಒಯ್ದದ್ದು ಪ್ರೈಮಸ್ ಸ್ಟವ್. ನಮ್ಮ ಅಜ್ಜಿಯಂದಿರ ಅಡುಗೆಮನೆಯ ಸೀಮೆಎಣ್ಣೆ ಪಂಪ್ ಸ್ಟವ್ ಅದರದೇ ವಂಶದ್ದು, ನಾನು ಒಯ್ದ ಸ್ಟವ್ ಕೂಡ ಅದೇ ತತ್ವದ್ದು: ಪಂಪಿನ ಗಾಳಿ ಇಂಧನವನ್ನು ಒತ್ತುತ್ತದೆ, ಕಾದ ಬರ್ನರ್ ಅದನ್ನು ಆವಿಯಾಗಿಸಿ ಉರಿಸುತ್ತದೆ. ಆ ಗಾಳಿಯನ್ನು ಹಿಡಿದಿಡುವುದು ಹೆಬ್ಬೆರಳ ಉಗುರಿನಷ್ಟಗಲದ ಒಂದು ಚರ್ಮದ ವಾಷರ್. ಅದು ಒಣಗಿ ಮುದುಡಿದರೆ ಎಷ್ಟು ಪಂಪ್ ಮಾಡಿದರೂ ಸ್ಟವ್ ಹತ್ತುವುದಿಲ್ಲ. ವಾಷರಿನ ಅಂಚನ್ನು ಬೆರಳಿನಿಂದ ಅರಳಿಸಿ, ಎಣ್ಣೆ ಕುಡಿಸಿ, ತಿರುಚದಂತೆ ಒಳಗೆ ಇಳಿಸುವುದನ್ನು ಮಾಮ ನಾಲ್ಕು ಭಾನುವಾರ ಕೂರಿಸಿಕೊಂಡು ಕಲಿಸಿದರು. ಕೊನೆಯ ಭಾನುವಾರ ಕಣ್ಣಿಗೆ ಬಟ್ಟೆ ಕಟ್ಟಿಸಿ ಮಾಡಿಸಿದರು. ಅವರು ವಾಷರಿಗೆ ಹಾಕುತ್ತಿದ್ದುದು ತೆಂಗಿನೆಣ್ಣೆ. ಅದು ನಮ್ಮೂರಿನ ಡಿಸೆಂಬರ್ ಚಳಿಗೇ ಗಟ್ಟಿಯಾಗುವುದರಿಂದ ನಾನು ಬೇರೆ ಎಣ್ಣೆ ಒಯ್ದೆ. ಉಳಿದದ್ದೆಲ್ಲ ಅವರು ಹೇಳಿಕೊಟ್ಟಂತೆಯೇ.

ಮಲ್ಪೆಯ ಮೀನಿನ ಕೋಲ್ಡ್ ಸ್ಟೋರೇಜ್‌ನವರಿಗೂ ನಾನು ಋಣಿ. −18 ಡಿಗ್ರಿಯ ಆ ಕೋಣೆಯಲ್ಲಿ ಬಂಗುಡೆಯ ಪೆಟ್ಟಿಗೆಗಳ ನಡುವೆ ಕುಳಿತು, ಕೈಗವಸು ಹಾಕಿಕೊಂಡೇ ಅದೇ ವಾಷರನ್ನು ಬಿಚ್ಚಿ ಜೋಡಿಸಲು ಅವರು ರಾತ್ರಿ ಪಾಳಿಯಲ್ಲಿ ಜಾಗ ಕೊಟ್ಟರು, ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತಟ್ಟಿ ವಿಚಾರಿಸಿದರು. ಕಡಲತೀರದ ಮರಳಿನಲ್ಲಿ ಎಳೆದು ಅಭ್ಯಾಸ ಮಾಡಲು ಲಾರಿ ಟೈರುಗಳನ್ನು ಕೊಟ್ಟವರೂ ಅವರೇ.

ಇದೆಲ್ಲ ಯಾಕೆ ಬೇಕಾಯಿತೆಂಬುದು 21ನೆಯ ದಿನ ತಿಳಿಯಿತು. 84 ಡಿಗ್ರಿ ಅಕ್ಷಾಂಶ ದಾಟಿದ್ದೆ. ಧ್ರುವದ ಕಡೆಯಿಂದ ಇಳಿದು ಬರುವ ಗಾಳಿ ಮುಖಕ್ಕೇ ರಾಚುತ್ತಿತ್ತು. ಅದೇ ಗಾಳಿ ಕೆತ್ತಿದ, ಸಸ್ತ್ರುಗಿ ಎಂದು ಕರೆಯುವ ಹಿಮದ ಏಣುಗಳಲ್ಲಿ ಸ್ಲೆಡ್ಜ್ ದಿನವಿಡೀ ಮಗುಚಿಕೊಳ್ಳುತ್ತಿತ್ತು. ಡೇರೆಯೊಳಗೆ ಕುಳಿತು ಪಂಪ್ ಮಾಡಿದರೆ ಕೈಗೆ ಒತ್ತಡವೇ ಸಿಗಲಿಲ್ಲ. ಥರ್ಮಾಸ್‌ನಲ್ಲಿ ಅರ್ಧ ಲೀಟರ್ ನೀರು ಉಳಿದಿತ್ತು. ಬದಲಿ ಪಂಪ್ ಹಾಕಿದೆ, ಅದರದೂ ಅದೇ ಕಥೆ. ವಾಷರನ್ನು ಬಿಚ್ಚಿ ಕಂಕುಳಲ್ಲಿಟ್ಟು ಬೆಚ್ಚಗಾಗಿಸಿದೆ, ಒಳಗವಸು ತೆಗೆದು ಅಂಚು ಅರಳಿಸಿದೆ, ಎಣ್ಣೆ ಹಚ್ಚಿದೆ. ಜೋಡಿಸುವಾಗ ಬಾಟಲಿಯಿಂದ ಇಂಧನ ಬಲಗೈಯ ಎರಡು ಬೆರಳುಗಳ ಮೇಲೆ ಚೆಲ್ಲಿತು. ಆ ಚಳಿಯಲ್ಲೂ ಹೆಪ್ಪುಗಟ್ಟದ ಇಂಧನ ಸುತ್ತಲಿನ ಗಾಳಿಯಷ್ಟೇ ತಣ್ಣಗಿರುತ್ತದೆ, ಚರ್ಮಕ್ಕೆ ತಾಗಿದ ಕ್ಷಣವೇ ಸುಡುತ್ತದೆ. ಬೆರಳ ತುದಿಗಳು ಮೇಣದಂತೆ ಬೆಳ್ಳಗಾದವು. ಆದರೆ ಮೂವತ್ತನೆಯ ಒತ್ತಿಗೆ ಪಂಪು ಬಿಗಿಯಾಯಿತು, ಸ್ಟವ್ ಹತ್ತಿತು. ಆ ಸದ್ದು ಕೇಳಿ ಅತ್ತುಬಿಟ್ಟೆ.

ಆ ರಾತ್ರಿ ಉಪಗ್ರಹ ಫೋನಿನಲ್ಲಿ ಅಂಟಾರ್ಕ್ಟಿಕಾದಲ್ಲೇ ಇರುವ ಯೂನಿಯನ್ ಗ್ಲೇಸಿಯರ್ ಶಿಬಿರದ ವೈದ್ಯೆ ಎಂದಿನಂತೆ ಒಂದೊಂದೇ ಪ್ರಶ್ನೆ ಕೇಳಿದರು. ನಾನು ಬೆರಳುಗಳ ಸುದ್ದಿ ಎತ್ತಿರಲಿಲ್ಲ. ನನ್ನ ಧ್ವನಿಯಲ್ಲೇ ಏನೋ ಗುರುತಿಸಿ ಮತ್ತೆ ಕೇಳಿದರು. ಬೆರಳುಗಳನ್ನು ಉಜ್ಜಬೇಡಿ, ಮೈಯ ಬಿಸಿಯಲ್ಲೇ ಇಡಿ, ಒಮ್ಮೆ ಬೆಚ್ಚಗಾದದ್ದು ಮತ್ತೆ ಹೆಪ್ಪುಗಟ್ಟಬಾರದು, ಆದ್ದರಿಂದ ನಾಳೆ ಡೇರೆ ಬಿಟ್ಟು ಕದಲಬೇಡಿ ಎಂದು ಖಂಡಿತವಾಗಿ ಹೇಳಿದರು. ದಿನ ಕಳೆದುಕೊಳ್ಳುವ ಸಂಕಟದಲ್ಲಿ ನಾನು ವಾದಿಸಿದೆ. ಅವರು ಜಗ್ಗಲಿಲ್ಲ. ಡಾಕ್ಟರೇ, ಆ ಬೆರಳುಗಳು ಇಂದು ನನ್ನ ಕೈಯಲ್ಲಿರುವುದು ನೀವು ಜಗ್ಗದಿದ್ದುದರಿಂದ.

ನಾರ್ವೆಯ ಫಿನ್ಸೆಯಲ್ಲಿ ಬಿರುಗಾಳಿಯ ನಡುವೆ ಡೇರೆ ಹಾಕುವುದನ್ನು ಕಲಿಸಿದ ತರಬೇತುದಾರರಿಗೆ ವಂದನೆಗಳು. ಸಾಲ ಕೊಟ್ಟು ಇನ್ನೂ ಕೇಳದಿರುವ ಸಹೋದ್ಯೋಗಿಗಳಿಗೆ, ಮೂರು ತಿಂಗಳ ರಜೆ ಕೊಟ್ಟ ಮೇಲಧಿಕಾರಿಗಳಿಗೆ ವಂದನೆಗಳು. 1994ರಲ್ಲಿ ಇದೇ ಹಾದಿಯಲ್ಲಿ ಒಬ್ಬರೇ ಸಾಗಿ, ಏಕಾಂಗಿಯಾಗಿ ಧ್ರುವ ಸೇರಿದ ಮೊದಲ ಮಹಿಳೆಯಾದ ಲಿವ್ ಆರ್ನೆಸನ್ ಅವರಿಗೆ ನನ್ನ ಪರಿಚಯವಿಲ್ಲ, ಆದರೂ ನಮಸ್ಕಾರ. ದೊಡ್ಡಮ್ಮ ಮತ್ತು ನೆರೆಮನೆಯವರು ಕಡಲೆಕಾಯಿ ಚಿಕ್ಕಿಯನ್ನು ಹುಣಸೆಬೀಜದ ಗಾತ್ರಕ್ಕೆ ಕತ್ತರಿಸಿ ದಿನಕ್ಕೊಂದರಂತೆ 55 ಪೊಟ್ಟಣ ಕಟ್ಟಿದ್ದರು. ದೊಡ್ಡ ತುಂಡಾಗಿದ್ದರೆ ಆ ಚಳಿಯಲ್ಲಿ ಕಲ್ಲಾಗಿ ಹಲ್ಲು ಮುರಿಯುತ್ತಿತ್ತು. ದೊಡ್ಡಮ್ಮಾ, ನಲವತ್ತನೆಯ ಪೊಟ್ಟಣದಲ್ಲಿ ನೀವು ಇಟ್ಟಿದ್ದ ಏಲಕ್ಕಿ ಸಿಕ್ಕಿತು.

ಕಳೆದ ವಾರ ಆ ವಾಷರನ್ನು ಮಾಮನ ಅಂಗಡಿಗೆ ಒಯ್ದು ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ಅಂಚನ್ನು ಸವರಿ, ಇನ್ನೂ ಒಂದು ವರ್ಷ ಬರುತ್ತದೆ ಎಂದು ನನ್ನ ಕೈಗೇ ಮರಳಿಸಿದರು.

ಬಲಗೈಯ ಆ ಎರಡು ಬೆರಳ ತುದಿಗಳಿಗೆ ಸ್ಪರ್ಶ ಪೂರ್ತಿ ಮರಳಿಲ್ಲ, ಬರೆಯುವುದು ನಿಧಾನವಾಗಿದೆ. ನಿಮ್ಮೆಲ್ಲರ ಪತ್ರಗಳಿಗೂ ಉತ್ತರಿಸುತ್ತೇನೆ. ತಡವಾದರೆ ದಯವಿಟ್ಟು ಕ್ಷಮಿಸಿ.